ಅಜ್ಜಿಗೆ ಎಚ್ಚರವಾಗದ ಹಾಗೆ

ಲಿಫ್ಟ್ ರಿಪೇರಿಯವನ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಏನನ್ನೇ ಕದಲಿಸುವ ಮುಂಚೆ ಕೂಗಿ ಹೇಳಬೇಕು, ಆ ಕಡೆ ಇರುವವನು ಅದೇ ಮಾತನ್ನು ತಿರುಗಿ ಕೂಗಬೇಕು, ಆಮೇಲೆಯೇ ಗುಂಡಿಗೆ ಬೆರಳು ಮುಟ್ಟಿಸಬೇಕು. ಇವನು ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಗ್ರೀಸಿನ ನಡುವೆ ಕುಕ್ಕರಗಾಲಲ್ಲಿ ಕೂತು "ಕೆಳಗೆ, ಒಂದು ಗೇಣು" ಅನ್ನುತ್ತಿದ್ದ. ಮೇಲೆ ಮೋಟರಿನ ಕೋಣೆಯಿಂದ ಜೊತೆಗಾರನೂ "ಕೆಳಗೆ, ಒಂದು ಗೇಣು" ಅನ್ನುತ್ತಿದ್ದ. "ಹೂಂ" ಅಂದರೆ ನಡೆಯದು, "ಸರಿ" ಅಂದರೂ ನಡೆಯದು. ಜೊತೆಗಾರನಿಗೆ ದಪ್ಪಣ್ಣ ಎಂದು ಹೆಸರು ಬಿದ್ದಿತ್ತು, ಕಡ್ಡಿಯ ಹಾಗಿದ್ದ ಕಾರಣಕ್ಕೆ. ಒಮ್ಮೆ ಈ ದಪ್ಪಣ್ಣನಿಗೆ ಸೀನು ಹತ್ತಿಕೊಂಡು ಮಾತೇ ಹೊರಡದೆ ಹೋದಾಗ, ನಮ್ಮ ರಿಪೇರಿಯವನು ಆ ಕತ್ತಲ ಬಾವಿಯಲ್ಲಿ ಇಪ್ಪತ್ತು ನಿಮಿಷ ಮಿಸುಕಾಡದೆ ಕೂತಿದ್ದ. ಇಪ್ಪತ್ತಾರು ವರ್ಷ ಹೀಗೆ ದುಡಿದು ಹತ್ತಕ್ಕೆ ಹತ್ತು ಬೆರಳನ್ನೂ ಉಳಿಸಿಕೊಂಡಿದ್ದ. ಆ ಕಸುಬಿನಲ್ಲಿ ಅದೇನು ಸಣ್ಣ ಮಾತಲ್ಲ.

ಇಂಥವನು ನಲವತ್ತೇಳನೆಯ ವಯಸ್ಸಿಗೆ ಮದುವೆಯಾದ. ಆಸ್ಪತ್ರೆಯೊಂದರ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ ಒಳಗೆ ಒಬ್ಬ ನರ್ಸ್ ಸಿಕ್ಕಿಕೊಂಡಿದ್ದಳು. ಹಾಗೆ ಸಿಕ್ಕಿಕೊಂಡವರು ಸಾಮಾನ್ಯವಾಗಿ ಬಾಗಿಲು ಬಡಿದು ಊರು ಒಂದು ಮಾಡುತ್ತಾರೆ. ಈಕೆ ಮಾತ್ರ ಒಳಗಿನಿಂದ, "ನಿಧಾನಕ್ಕೆ ಮಾಡಿ, ಅವಸರ ಇಲ್ಲ. ನಂಗೆ ಡ್ಯೂಟಿಲಿ ಇಷ್ಟು ಹೊತ್ತು ಕೂರೋಕೆ ಸಿಕ್ಕಿದ್ದೇ ಇವತ್ತು" ಎಂದಿದ್ದಳು. ಆ ಮಾತಿಗೇ ಇವನು ಬಿದ್ದುಹೋದ. ಅವಳ ಮೊದಲ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹತ್ತು ವರ್ಷದ ಒಬ್ಬಳು ಮಗಳಿದ್ದಳು. ಮದುವೆಯಾದ ಮೇಲೆ ರಿಪೇರಿಯವನು ಎರಡು ಟ್ರಂಕು, ಒಂದು ಟೂಲ್ ಬ್ಯಾಗು ಹೊತ್ತುಕೊಂಡು ಅವರಿದ್ದ ಮೂರನೇ ಮಹಡಿಯ ಮನೆಗೆ ಬಂದ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ ಎಂದು ದಪ್ಪಣ್ಣ ಇವತ್ತಿಗೂ ನಗುತ್ತಾನೆ.

ಅವನು ಬಂದ ದಿನದಿಂದ ಮಗಳು ಅವನ ಪಾಲಿಗೆ ಬಾಯಿಗೆ ಬೀಗ ಹಾಕಿಕೊಂಡಳು. ಉಳಿದವರ ಹತ್ತಿರ ಅರಳು ಹುರಿದಂತೆ ಮಾತು. ಇವನೊಂದಿಗೆ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಏನಾದರೂ ತಿಳಿಸಲೇಬೇಕಾದರೆ ತಾಯಿಯ ಮೂಲಕ ಸುತ್ತು ಹಾಕಿಸುತ್ತಿದ್ದಳು. "ಅಮ್ಮಾ, ಬಾತ್‌ರೂಮಲ್ಲಿ ಇರೋರು ಇವತ್ತು ಹೊರಗೆ ಬರ್ತಾರಾ, ನಾಳೆನಾ?" ತಾಯಿ ಮನೆಯಲ್ಲಿಲ್ಲದಾಗ ಅದನ್ನೇ ಕಪಾಟಿಗೆ ಹೇಳುತ್ತಿದ್ದಳು. ಇವನು ಬಣ್ಣದ ಪೆನ್ಸಿಲ್ ತಂದುಕೊಟ್ಟ, ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ, ಜೋಕು ಹೇಳಿದ. ಜೋಕು ಹೇಳಬಾರದಿತ್ತು. ಎಂಟು ತಿಂಗಳು ಕಳೆದರೂ ಪರಿಸ್ಥಿತಿ ಇದ್ದಲ್ಲೇ ಇತ್ತು.

ಬೇಸಿಗೆ ರಜೆ ಶುರುವಾದ ವಾರ ನರ್ಸಿಗೆ ಆಸ್ಪತ್ರೆಯಿಂದ ಕಾಗದ ಬಂತು. ಹನ್ನೆರಡು ದಿನದ ತರಬೇತಿ, ಬೇರೆ ಊರಿನಲ್ಲಿ, ಮುಂದಿನ ಸೋಮವಾರದಿಂದ. ಹೋಗಿ ಬಂದರೆ ವಾರ್ಡಿನ ಮೇಲ್ವಿಚಾರಣೆ ಅವಳ ಕೈಗೆ ಬರುತ್ತಿತ್ತು.

"ಹೋಗು. ನಾನಿದ್ದೀನಲ್ಲ," ಅಂದ ಇವನು, ತಟ್ಟೆ ತೊಳೆಯುತ್ತ.

"ನೀವಿದ್ದೀರ, ಸರಿ. ಅವಳಿಗೆ ಜ್ವರ ಬಂದ್ರೆ ಯಾರಿಗೆ ಹೇಳ್ತಾಳೆ? ಕಪಾಟಿಗಾ?" ನರ್ಸ್ ದನಿ ತಗ್ಗಿಸಿದಳು. "ನಮ್ಮಕ್ಕನ ಹತ್ರ ಮಾತಾಡಿದ್ದೀನಿ. ಭಾನುವಾರ ಸಂಜೆವರೆಗೂ ನೋಡ್ತೀನಿ ರೀ. ಅಷ್ಟರೊಳಗೆ ನಿಮ್ಮ ಹತ್ರ ಬಾಯಿ ಬಿಟ್ರೆ ಸರಿ, ಇಲ್ಲ ಅಂದ್ರೆ ದೊಡ್ಡಮ್ಮನ ಮನೆಗೆ ಬಿಟ್ಟು ಹೋಗ್ತೀನಿ. ಅವಳಿಗಿನ್ನೂ ಹೇಳಿಲ್ಲ. ಹೇಳಿದ್ರೆ ಈಗಲೇ ಬ್ಯಾಗ್ ತುಂಬ್ಕೊಂಡು ನಿಂತ್ಕೋತಾಳೆ."

ಅವಳು ಹೇಳಿದ್ದು ನ್ಯಾಯವೇ ಆಗಿತ್ತು, ಅದಕ್ಕೇ ಅವನಿಗೆ ನೋವಾಯಿತು. ಹುಡುಗಿ ಈಗ ದೊಡ್ಡಮ್ಮನ ಮನೆಗೆ ಹೋದರೆ, ಅಮ್ಮ ಇಲ್ಲದಾಗ ಈ ಮನೆ ತನ್ನದಲ್ಲ ಎಂದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದನ್ನು ಅಲ್ಲಾಡಿಸಲು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅವಳು ಇಲ್ಲೇ ಇರಬೇಕು ಎಂದು ಅವನ ಆಸೆ. ಆ ಆಸೆ ಎಷ್ಟು ದೊಡ್ಡದು ಎಂದು ಗೊತ್ತಾಗಿ ಅವನಿಗೇ ಆಶ್ಚರ್ಯವಾಯಿತು.

ಬುಧವಾರ ಹುಡುಗಿ ಗೆಳತಿಯ ಮನೆಯಿಂದ ಒಂದು ವಿಡಿಯೋ ಗೇಮ್ ತಂದಳು. ಗೆಳತಿ ರಜೆಗೆ ಊರಿಗೆ ಹೋಗುವವಳು, ಪೆಟ್ಟಿಗೆ ಸಮೇತ ಕೊಟ್ಟಿದ್ದಳು. ಟಿವಿಗೆ ತಂತಿ ಸಿಕ್ಕಿಸಿ, ಎರಡು ಕಂಟ್ರೋಲರ್‌ಗಳಲ್ಲಿ ಒಂದನ್ನು ತಾನು ಹಿಡಿದು, ಇನ್ನೊಂದನ್ನು ತಾಯಿಗೆ ಕೊಟ್ಟಳು. ಆ ಆಟವನ್ನು ಒಬ್ಬರೇ ಆಡಲು ಬರುವುದಿಲ್ಲ.

ಆಟ ಎಂದರೆ ಇಷ್ಟೇ. ಒಂದು ಮಂಚ. ಅದರ ಮೇಲೆ ಒಬ್ಬಳು ಅಜ್ಜಿ ಗೊರಕೆ ಹೊಡೆಯುತ್ತಾಳೆ. ಅಜ್ಜಿಗೆ ಸಮುದ್ರ ನೋಡುವ ಆಸೆ, ಆದರೆ ನಡೆಯಲು ಸೋಮಾರಿತನ. ಅದಕ್ಕೆ ಮಂಚವೇ ಎದ್ದು ನಡೆಯಬೇಕು. ತಲೆಯ ಕಡೆಯ ಎರಡು ಕಾಲು ಒಬ್ಬರ ಕೈಯಲ್ಲಿ, ಪಾದದ ಕಡೆಯ ಎರಡು ಕಾಲು ಇನ್ನೊಬ್ಬರ ಕೈಯಲ್ಲಿ. ಕೋಣೆ ದಾಟಿ, ಮೆಟ್ಟಿಲಿಳಿದು, ಬೀದಿಗೆ ಬಿದ್ದು, ಕ್ಷೌರದಂಗಡಿಯ ಮುಂಬಾಗಿಲಲ್ಲಿ ಹೊಕ್ಕು ಹಿಂಬಾಗಿಲಲ್ಲಿ ಹೊರಬಿದ್ದು, ಹೀಗೆ ಸಮುದ್ರದ ತನಕ. ಮಂಚ ವಾಲಿದರೆ ಅಜ್ಜಿ ಉರುಳುತ್ತಾಳೆ. ಉರುಳಿದರೆ ಎಚ್ಚರಗೊಂಡು, ಯಾವ ಭಾಷೆಯೂ ಅಲ್ಲದ ಭಾಷೆಯಲ್ಲಿ ವಾಚಾಮಗೋಚರ ಬಯ್ದು, ಮತ್ತೆ ಮಲಗುತ್ತಾಳೆ. ಮಂಚ ಹಿಂದಿನ ತಿರುವಿಗೆ ವಾಪಸ್. ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇಲ್ಲ.

ನರ್ಸ್ ಹತ್ತು ಗಂಟೆ ಡ್ಯೂಟಿ ಮುಗಿಸಿ ಬಂದವಳು. ಪರದೆಯ ಅಜ್ಜಿಯ ಗೊರಕೆ ಕೇಳಿ ಅವಳಿಗೂ ಆಕಳಿಕೆ ಬಂತು. ಐದೇ ನಿಮಿಷದಲ್ಲಿ ಅಜ್ಜಿಗೂ ಅವಳಿಗೂ ವ್ಯತ್ಯಾಸ ಉಳಿಯಲಿಲ್ಲ. "ಅಮ್ಮಾ! ಕಾಲು!" ಎಂದು ಹುಡುಗಿ ಅಲುಗಿಸಿದಾಗ ಅವಳು ಕಣ್ಣು ಬಿಡದೆಯೇ ಕಂಟ್ರೋಲರನ್ನು ಪಕ್ಕದಲ್ಲಿದ್ದ ಗಂಡನ ಮಡಿಲಿಗೆ ಹಾಕಿ, "ಇವರ ಜೊತೆ ಆಡು ಮರಿ" ಎಂದು ಒಳಗೆ ಹೋಗಿ ಬಿದ್ದುಕೊಂಡಳು.

ಹುಡುಗಿ ಟಿವಿಯನ್ನೇ ನೋಡುತ್ತ ಕೂತಳು. ಎದ್ದು ಹೋಗಲಿಲ್ಲ. ಆಟದ ಚಪಲ ಹಟಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಿತ್ತು ಅಂತ ಕಾಣುತ್ತದೆ.

ರಿಪೇರಿಯವನು ಗುಂಡಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಗಂಟಲು ಸರಿಮಾಡಿಕೊಂಡು, "ಎಡಗಾಲು, ಮುಂದೆ" ಎಂದ. ಎಂದವನು ಹಾಗೇ ಕೂತ. ಹುಡುಗಿ ತನ್ನ ಕಡೆಯ ಕಾಲನ್ನು ಎತ್ತಿ ಇಟ್ಟಳು. ಇವನು ಕದಲಲಿಲ್ಲ. ಮಂಚ ಅರ್ಧ ತಿರುಚಿಕೊಂಡು ನಿಂತಿತು. ಇವನು ಮತ್ತೆ, "ಎಡಗಾಲು, ಮುಂದೆ" ಎಂದ. ಮತ್ತೆ ಕಾದ. ಅಜ್ಜಿ ನಿಧಾನಕ್ಕೆ ಅಂಚಿಗೆ ಜಾರಿ ದೊಪ್ಪನೆ ಬಿದ್ದು, ಎದ್ದು ಕೂತು ಇಬ್ಬರನ್ನೂ ಉಗಿದಳು.

ಅವನು ಬೇಕೆಂದು ಕಾಡಿಸುತ್ತಿರಲಿಲ್ಲ, ಪಾಪ. ಇಪ್ಪತ್ತಾರು ವರ್ಷದ ಬೆರಳುಗಳು. ಆ ಕಡೆಯಿಂದ ಮಾತು ತಿರುಗಿ ಬರದೆ ಅವು ಗುಂಡಿ ಒತ್ತಲೊಲ್ಲವು. ಮೂರು ಸಲ ಅಜ್ಜಿ ಬಿದ್ದಳು. ನಾಲ್ಕನೆಯ ಸಲ ಮಂಚ ಮೆಟ್ಟಿಲ ತುದಿಯಲ್ಲಿ ಒಂದು ಕಾಲನ್ನು ಗಾಳಿಯಲ್ಲಿಟ್ಟುಕೊಂಡು ತೂಗಾಡುತ್ತಿದ್ದಾಗ ಹುಡುಗಿಗೆ ತಡೆಯಲಾಗಲಿಲ್ಲ.

"ಎಡಗಾಲು ಮುಂದೆ! ಎಡಗಾಲು ಮುಂದೆ! ಇಡಿ...!"

ಇವನು ತಕ್ಷಣ ಇಟ್ಟ. ಮಂಚ ಒಂದು ಮೆಟ್ಟಿಲು ಇಳಿಯಿತು. ಅಜ್ಜಿ ಮಗ್ಗುಲು ಬದಲಿಸಿ ಗೊರಕೆ ಮುಂದುವರಿಸಿದಳು. ಹುಡುಗಿ ತಾನಾಡಿದ್ದು ಕೇಳಿಸಿಯೇ ಇಲ್ಲ ಎಂಬಂತೆ ಮೂಗು ಕೆರೆದುಕೊಂಡಳು. ಆಮೇಲೆ, ಟಿವಿಗೆ ಹೇಳುವವಳ ಹಾಗೆ, "ಬಲಗಾಲು, ಮುಂದೆ" ಎಂದಳು.

"ಬಲಗಾಲು, ಮುಂದೆ," ಎಂದ ಇವನು.

ಅಲ್ಲಿಂದ ಗುರುವಾರ, ಶುಕ್ರವಾರ, ಶನಿವಾರ, ಇವನು ಕೆಲಸದಿಂದ ಬಂದು ಕೈಯ ಗ್ರೀಸು ತಿಕ್ಕಿ ತೊಳೆಯುವಷ್ಟರಲ್ಲಿ ಟಿವಿಯಲ್ಲಿ ಮಂಚ ಸಿದ್ಧವಾಗಿರುತ್ತಿತ್ತು. ಕರೆಯುತ್ತಿರಲಿಲ್ಲ, ಎರಡನೆಯ ಕಂಟ್ರೋಲರ್ ಸೋಫಾದ ಅವನ ಕಡೆ ಇಟ್ಟಿರುತ್ತಿದ್ದಳು.

ಆ ಆಟದಲ್ಲಿ ಅಂಥ ಮಜಾ ಏನು ಎಂದು ಶನಿವಾರ ದಪ್ಪಣ್ಣ ಕೇಳಿದ. ಒಂದು ಹಳೆಯ ಕಚೇರಿಯ ನಾಲ್ಕನೇ ಮಹಡಿಯಲ್ಲಿ ಇಬ್ಬರೂ ಬ್ರೆಡ್ಡು ತಿನ್ನುತ್ತ ಕೂತಿದ್ದರು. ರಿಪೇರಿಯವನು ಅದನ್ನು ಮೋಟರಿನ ದೋಷ ವಿವರಿಸುವ ಹಾಗೆ ವಿವರಿಸಿದ.

"ನೋಡು, ಮಂಚ ಆಗಿ ನಡೆಯೋದು ಯಾರಿಗೂ ಬರಲ್ಲ. ನಂಗೂ ಬರಲ್ಲ, ಅವಳಿಗೂ ಬರಲ್ಲ. ಅದರಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ. ಇನ್ನು, ಗೆದ್ರೆ ಎಷ್ಟು ಖುಷಿಯೋ ಬಿದ್ರೆ ಅದರ ಎರಡರಷ್ಟು. ನಿನ್ನೆ ಕ್ಷೌರದಂಗಡೀಲಿ ಮಂಚ ತಿರುಗೋಕೆ ಹೋಗಿ, ಅಲ್ಲಿ ಕೂತಿದ್ದ ಗಿರಾಕಿ ಕುರ್ಚಿ ಸಮೇತ ನಮ್ಮ ಜೊತೆ ಹೊರಟುಬಿಟ್ಟ. ಮುಖದ ತುಂಬ ಸೋಪು. ಒಂದು ಬೀದಿ ದಾಟೋವರೆಗೂ ಅವನಿಗೆ ಗೊತ್ತೇ ಆಗಿಲ್ಲ!"

"ಆಮೇಲೆ?"

"ಆಮೇಲೆ ಒಂದು ನಾಯಿ ಮಂಚ ಹತ್ತಿ ಅಜ್ಜಿ ಪಕ್ಕ ಮಲಗಿತು. ಭಾರ ಒಂದು ಕಡೆ ಆಯ್ತು. ಇಳಿಸೋಣ ಅಂದ್ರೆ ಅವಳು ಬಿಡಲ್ಲ, 'ಪಾಪ, ಅದೂ ಸಮುದ್ರ ನೋಡ್ಲಿ' ಅಂತಾಳೆ. ಹಾಗಾಗಿ ನಾಯಿ ಹೊತ್ಕೊಂಡೇ ನಡೀತಿದ್ದೀವಿ."

"ಅವಳು ಅಂತಾಳಾ? ನಿನ್ನ ಹತ್ರಾನೇ?"

"ಟಿವಿ ಹತ್ರ ಅಂತಾಳೆ. ನಾನು ಪಕ್ಕದಲ್ಲಿರ್ತೀನಿ."

ದಪ್ಪಣ್ಣ ಬ್ರೆಡ್ಡಿನ ಚೂರು ಗಂಟಲಿಗೆ ಸಿಕ್ಕುವಷ್ಟು ನಕ್ಕ. ರಿಪೇರಿಯವನೂ ನಕ್ಕ, ಆದರೆ ಅವನಿಗೆ ಹಿಂದಿನ ದಿನದ ಊಟ ನೆನಪಾಯಿತು. ಶುಕ್ರವಾರ ಊಟದ ಹೊತ್ತಿಗೆ ಅವನು ಹುರುಪಿನಿಂದ "ನಾಯಿಗೊಂದು ಹೆಸರಿಡೋಣ್ವಾ?" ಎಂದು ಕೇಳಿದ್ದ. ಹುಡುಗಿ ತಟ್ಟೆ ನೋಡುತ್ತ ಉಣ್ಣುತ್ತಿದ್ದಳೇ ಹೊರತು ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಟಿವಿ ಆರಿದರೆ ಬೀಗ ಮೊದಲಿನ ಹಾಗೇ ಬಿದ್ದುಬಿಡುತ್ತಿತ್ತು.

"ಆಟದಲ್ಲಿ ಕೂಗೋದು ಮಾತಾಡಿದ ಹಾಗಲ್ಲ ರೀ," ಎಂದಳು ನರ್ಸ್ ಆ ರಾತ್ರಿ, ಬೇಸರದಿಂದಲೇ. "ಹೊಟ್ಟೆನೋವು ಬಂದ್ರೆ 'ಎಡಗಾಲು ಮುಂದೆ' ಅಂತ ಹೇಳ್ತಾಳಾ?"

ಭಾನುವಾರ ನರ್ಸಿಗೆ ಹೊರಡುವ ಮುಂಚಿನ ಕೊನೆಯ ಡ್ಯೂಟಿ, ಬರುವುದು ಸಂಜೆ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಸೋಫಾದ ಎರಡು ತುದಿಗೆ ಕೂತರು. ಮಂಚ ಆಗಲೇ ಊರು ದಾಟಿ ಮರಳಿಗೆ ಇಳಿದಿತ್ತು. ಅಜ್ಜಿ, ನಾಯಿ, ಎಲ್ಲಿಂದಲೋ ಬಂದು ಸೇರಿಕೊಂಡ ಎರಡು ಕೋಳಿ, ಎಲ್ಲರೂ ನಿದ್ದೆಯಲ್ಲಿದ್ದರು. ನೀಲಿ ನೀರು ಕಾಣುತ್ತಿತ್ತು. ಇಪ್ಪತ್ತು ಹೆಜ್ಜೆ ಇಟ್ಟರೆ ಮುಗಿಯಿತು.

ರಿಪೇರಿಯವನು ಆ ಇಪ್ಪತ್ತು ಹೆಜ್ಜೆಯನ್ನು ಕಣ್ಣಲ್ಲೇ ಎಣಿಸಿದ. ಮುಗಿದರೆ ಏನು ಮಾಡುವುದು? ಗೆಳತಿಯ ಪೆಟ್ಟಿಗೆಯೊಳಗೆ ಆಟ ಹೋಗುತ್ತದೆ, ಅದರ ಜೊತೆಗೇ ಮಾತೂ ಹೋಗುತ್ತದೆ. ಸಂಜೆ ಅವಳು ದೊಡ್ಡಮ್ಮನ ಮನೆಗೆ. ಇನ್ನೊಂದು ಗಂಟೆ ಸಿಕ್ಕಿದರೆ, ಇನ್ನೆರಡು ಗಂಟೆ ಸಿಕ್ಕಿದರೆ, ಟಿವಿಯ ಮಾತು ಹೇಗಾದರೂ ಮನೆಯ ಮಾತಾದೀತು ಎಂದು ಅವನಿಗೊಂದು ದುರಾಸೆ.

"ಎಡಗಾಲು, ಮುಂದೆ," ಎಂದಳು ಹುಡುಗಿ.

"ಎಡಗಾಲು, ಮುಂದೆ," ಎಂದು ಇವನು ಬಲಗಾಲು ಎತ್ತಿದ. ಮಂಚ ಮಗುಚಿತು. ಅಜ್ಜಿ ಎದ್ದು ಬಯ್ದಳು. ಹುಡುಗಿ ನಕ್ಕಳು. ಮತ್ತೆ ಮರಳಿನ ತುದಿಯಿಂದ ಶುರು. ಎರಡನೆಯ ಸಲ ಹದಿನೈದು ಹೆಜ್ಜೆಯಲ್ಲಿ ಬೀಳಿಸಿದ, ಅವಳು ನಗಲಿಲ್ಲ. ಮೂರನೆಯ ಸಲ, ನೀರಿಗೆ ಮೂರೇ ಹೆಜ್ಜೆ ಇದ್ದಾಗ, ಮತ್ತೆ ಬೀಳಿಸಿದ.

ಹುಡುಗಿ ಕಂಟ್ರೋಲರನ್ನು ಸೋಫಾದ ಮೇಲೆ ಒಗೆದು ಎದ್ದು ನಿಂತಳು.

"ನೀವು ಬೇಕಂತಲೇ ಬೀಳಿಸ್ತಿದ್ದೀರ!"

"ಇಲ್ಲ ಮಗು, ಬೆರಳು ಜಾರ್ತು..."

"ಸುಳ್ಳು! ನಾನು ಎಡಗಾಲು ಅಂದೆ. ನೀವೂ ಎಡಗಾಲು ಅಂದ್ರಿ. ಹಾಗಂದು ಬಲಗಾಲು ಎತ್ತಿದ್ರಿ. ಮೂರು ಸಲ! ನೀವು ಯಾವತ್ತೂ ಹಾಗೆ ಮಾಡಲ್ಲ. ನೀವು ಹೇಳಿದ್ದು ಬಿಟ್ಟು ಬೇರೆ ಮಾಡಲ್ಲ ಅಂತ ನಂಗೊತ್ತು."

ಅವಳು ಟಿವಿಗೆ ಬೆನ್ನು ತಿರುಗಿಸಿದ್ದಳು. ನೇರವಾಗಿ ಅವನ ಮುಖ ನೋಡಿ ಮಾತಾಡುತ್ತಿದ್ದಳು. ಎಂಟು ತಿಂಗಳು ಕಾದಿದ್ದು ಇದಕ್ಕೇ, ಆದರೆ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಸುಳ್ಳು ಮುಂದುವರಿಸಲು ನಾಲಿಗೆ ಏಳಲಿಲ್ಲ.

"ಹೌದು, ಬೇಕಂತಲೇ ಬೀಳಿಸಿದೆ," ಎಂದ. "ಆಟ ಮುಗಿದ್ರೆ ನೀನು ಮಾತು ನಿಲ್ಲಿಸಿಬಿಡ್ತೀಯ ಅಂತ ಭಯ ಆಯ್ತು. ನೀನು ನನ್ನ ಹತ್ರ ಮಾತಾಡದೆ ಇದ್ರೆ ಅಮ್ಮ ನಿನ್ನ ದೊಡ್ಡಮ್ಮನ ಮನೇಲಿ ಬಿಟ್ಟು ಹೋಗ್ತಾಳೆ, ಹನ್ನೆರಡು ದಿನ. ನೀನು ಇಲ್ಲೇ ಇರ್ಬೇಕು ಅಂತ ನಂಗೆ ಆಸೆ."

"ದೊಡ್ಡಮ್ಮನ ಮನೆಗಾ? ಯಾವಾಗ?"

"ಇವತ್ತು ಸಂಜೆ."

"ನಂಗ್ಯಾರೂ ಹೇಳೇ ಇಲ್ಲ!" ಅವಳ ದನಿ ಕೀರಲಾಯಿತು. "ನಂಗ್ಯಾರೂ ಏನೂ ಹೇಳಲ್ಲ, ಯಾರೂ ಏನೂ ಕೇಳಲ್ಲ! ನೀವು ಮಂಚದ ಕಾಲು ಎತ್ತೋಕೆ ನನ್ನ ಕೇಳ್ತೀರ. ಒಂದೊಂದು ಕಾಲಿಗೂ ಕೇಳ್ತೀರ, ನಾನು ಹೇಳೋವರೆಗೂ ಕಾಯ್ತೀರ. ಈ ಮನೆಗೆ ಬರೋವಾಗ ಕೇಳಿದ್ರಾ? ಸ್ಕೂಲಿಂದ ಬಂದು ನೋಡ್ತೀನಿ, ನಾನು ಸೈಕಲ್ ಇಡೋ ಜಾಗದಲ್ಲಿ ನಿಮ್ಮ ಟ್ರಂಕ್ ಇತ್ತು."

ಮದುವೆಗೆ ಮುಂಚೆ ರಿಪೇರಿಯವನು ನರ್ಸನ್ನು ಕೇಳಿದ್ದ. ಅವಳ ಅಕ್ಕನನ್ನು ಕೇಳಿದ್ದ. ಕಟ್ಟಡದ ಮಾಲೀಕನನ್ನು ಕೇಳಿದ್ದ. ದಪ್ಪಣ್ಣನನ್ನು ಹತ್ತು ಸಲ ಕೇಳಿ ತಲೆ ತಿಂದಿದ್ದ. ಆ ಮನೆಯಲ್ಲಿ ಹುಟ್ಟಿ ಬೆಳೆದವಳನ್ನು ಕೇಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಒಂದು ಗೇಣು ಇಳಿಯಲು ಜವಾಬಿಗೆ ಕಾಯುವವನು, ಟ್ರಂಕು ಹೊತ್ತು ಮೂರು ಮಹಡಿ ಹತ್ತಿ ಬಂದು ಒಬ್ಬಳ ಬದುಕಿನೊಳಗೆ ಇಳಿಸಿಬಿಟ್ಟಿದ್ದ.

"ಕೇಳಲಿಲ್ಲ," ಎಂದ. "ಕೇಳ್ಬೇಕಿತ್ತು. ತಪ್ಪಾಯ್ತು."

ಹುಡುಗಿ ಅಂಗೈಯಿಂದ ಮೂಗು ಒರೆಸಿಕೊಂಡಳು. ಹಿಂದೆ ಟಿವಿಯಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಲೇ ಇದ್ದಳು.

"ಎಂಟು ತಿಂಗಳು ತಡ ಆಗಿದೆ. ಈಗ ಕೇಳ್ತೀನಿ," ಎಂದ ಅವನು. "ನಾನು ಈ ಮನೆಗೆ ಬರಲಾ?"

"ಈಗಲೇ ಹೇಳ್ಬೇಕಾ?"

"ಬೇಡ. ಯಾವಾಗ ಬೇಕಾದ್ರೂ ಹೇಳು."

"ಬೇಡ ಅಂದ್ರೆ?"

"ಬೇಡ ಅಂದ್ರೆ ನಂಗೆ ತುಂಬ ಬೇಜಾರಾಗುತ್ತೆ. ಆದ್ರೂ ಹೇಳ್ಬೇಕು. ಆಮೇಲೆ ನೀನು, ನಾನು, ಅಮ್ಮ ಕೂತ್ಕೊಂಡು ಏನು ಮಾಡೋದು ಅಂತ ನೋಡೋಣ."

"ಯೋಚನೆ ಮಾಡಿ ಹೇಳ್ತೀನಿ," ಎಂದಳು ಹುಡುಗಿ, ದೊಡ್ಡ ಆಫೀಸರಂತೆ. ಕೂತು ಕಂಟ್ರೋಲರ್ ಎತ್ತಿಕೊಂಡಳು. "ಈಗ ಸರಿಯಾಗಿ ಆಡಿ. ಎಡಗಾಲು, ಮುಂದೆ."

"ಎಡಗಾಲು, ಮುಂದೆ."

ಇಪ್ಪತ್ತು ಹೆಜ್ಜೆಯೂ ಸರಿಬಿದ್ದವು. ಮಂಚದ ಕಾಲು ನೀರಿಗೆ ತಾಗಿತು. ನಾಯಿ ಮೈ ಕೊಡವಿತು, ಕೋಳಿಗಳು ಕೂಗಿದವು, ಅಜ್ಜಿ ಎದ್ದು ಕೂತು ಸಮುದ್ರವನ್ನು ಒಂದು ಸಲ ನೋಡಿದಳು. ಅಷ್ಟಕ್ಕೇ ತೃಪ್ತಿಯಾಗಿ ತನ್ನ ಭಾಷೆಯಲ್ಲಿ ಏನೋ ಗೊಣಗಿ, ಹಿಂದಕ್ಕೆ ಬೆರಳು ತೋರಿಸಿ, ಮುಸುಕೆಳೆದು ಮಲಗಿದಳು. ಮಂಚ ತಾನಾಗಿ ಊರಿನ ಕಡೆ ತಿರುಗಿ ನಿಂತಿತು.

"ಮುಗೀಲಿಲ್ವಾ?" ಎಂದ ರಿಪೇರಿಯವನು.

"ವಾಪಸ್ ಮನೆಗೆ ಕರ್ಕೊಂಡು ಹೋಗ್ಬೇಕು. ಇನ್ನೂ ಅರ್ಧ ಆಟ ಇದೆ. ನನ್ನ ಫ್ರೆಂಡ್ ಮೊದಲೇ ಹೇಳಿದ್ಲು. ಕೇಳಿದ್ದಿದ್ರೆ ಹೇಳ್ತಿದ್ದೆ."

ಅವನು ನಗಲಾರಂಭಿಸಿದ. ಅವಳಿಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಮಂಚ ವಾಲಿ ಅಜ್ಜಿ ನೀರಿಗೆ ಬಿದ್ದಳು.

ಆರು ಗಂಟೆಗೆ ನರ್ಸ್ ಬಂದಳು. ಮೆಟ್ಟಿಲು ಹತ್ತಿ ಸುಸ್ತಾಗಿದ್ದಳು. ಚಪ್ಪಲಿ ಬಿಟ್ಟು, ಅಟ್ಟದಿಂದ ಮಗಳ ಬಟ್ಟೆಯ ಬ್ಯಾಗ್ ಇಳಿಸಿ, ಧೂಳು ಒರೆಸಿದಳು. ಗಂಡನ ಮುಖ ನೋಡಲು ಅವಳಿಗೆ ಮನಸ್ಸಾಗಲಿಲ್ಲ. "ಮರಿ, ಇಲ್ಲಿ ಬಾ. ನಿಂಗೊಂದು ವಿಷಯ ಹೇಳ್ಬೇಕು. ದೊಡ್ಡಮ್ಮನ ಮನೇಲಿ..."

"ಗೊತ್ತು. ಇವರು ಹೇಳಿದ್ರು. ನಾನು ಹೋಗಲ್ಲ," ಎಂದಳು ಹುಡುಗಿ ಕಡ್ಡಿ ಮುರಿದಂತೆ.

ನರ್ಸಿನ ಕೈಯಲ್ಲಿದ್ದ ಧೂಳೊರೆಸುವ ಬಟ್ಟೆ ಅಲ್ಲೇ ನಿಂತಿತು. "ಇವರು ಹೇಳಿದ್ರಾ? ಯಾಕೆ ಹೋಗಲ್ಲ?"

"ಇವರು ನನ್ನ ಒಂದು ಮಾತು ಕೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ. ಕೊಡೋವರೆಗೂ ಇಲ್ಲೇ ಇರ್ಬೇಕಲ್ವಾ?"

"ಏನು ಕೇಳಿದ್ರು?"

ಹುಡುಗಿ ಸೋಫಾದ ಆ ತುದಿಯಲ್ಲಿದ್ದವನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ಕಂಟ್ರೋಲರಿನ ತಂತಿ ಸುತ್ತುತ್ತಿದ್ದ.

"ಅದು ನಮ್ಮಿಬ್ಬರ ವಿಷಯ ಅಮ್ಮ," ಎಂದಳು.

ನರ್ಸ್ ಇಬ್ಬರನ್ನೂ ಒಮ್ಮೆ ನೋಡಿದಳು. ಬ್ಯಾಗನ್ನು ಬಾಗಿಲ ಪಕ್ಕ ಇಟ್ಟು, ಫೋನು ತೆಗೆದು, ಮಗಳು ಬರುವುದಿಲ್ಲ ಎಂದು ಅಕ್ಕನಿಗೆ ಹೇಳಲು ಅಡುಗೆಮನೆಗೆ ಹೋದಳು.